ಬನ್ನಿ ಅಲ್ಲ, ಬರ್ರಿ ಅನ್ನಬೇಕು

ನಮ್ಮ ಕಾಕಾ ಕರೆದರೆ ಹೆಣವೂ ಎದ್ದು ಬರುತ್ತದೆ ಎಂಬ ಮಾತು ಒಂದು ಕಾಲಕ್ಕೆ ಹಾವೇರಿಯಲ್ಲಿ ಚಾಲ್ತಿಯಲ್ಲಿತ್ತು. ಆ ಮಾತನ್ನು ಚಾಲ್ತಿಗೆ ತಂದವನು ಸ್ವತಃ ಕಾಕಾನೇ ಎಂಬುದು ಬೇರೆ ವಿಷಯ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹೊಟ್ಟೆಪಾಡಿಗೆ ಬೋರ್ಡು, ಬ್ಯಾನರು ಬರೆಯುತ್ತಿದ್ದ. ಹುಚ್ಚಿಗೆ ಮಂದಿಯನ್ನು ಕರೆಯುತ್ತಿದ್ದ. ಹಾವೇರಿ ಆಗ ಹೊಸ ಜಿಲ್ಲೆ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ದಿನಕ್ಕೊಂದು ಪಾತ್ರೆ ಬಂದು ಸೇರುವಂತೆ ಊರಿಗೆ ವಾರಕ್ಕೊಂದು ಹೊಸ ಅಂಗಡಿ ಬರುತ್ತಿತ್ತು. ಇವತ್ತು ಮೊಬೈಲ್ ಅಂಗಡಿ, ನಾಳೆ ಬೀಜದ ಅಂಗಡಿ, ನಾಡಿದ್ದು ಟ್ರ್ಯಾಕ್ಟರ್ ಷೋರೂಮು. ಅಂಗಡಿ ತೆರೆಯುವುದೇನೋ ಸುಲಭ. ರಿಬ್ಬನ್ ಕತ್ತರಿಸುವಾಗ ಚಪ್ಪಾಳೆ ತಟ್ಟಲು ಕೈಗಳು ಬೇಡವೇ? ಆ ಕೈಗಳನ್ನು, ಅವುಗಳಿಗೆ ಅಂಟಿಕೊಂಡ ಮನುಷ್ಯರ ಸಮೇತ, ಹೊಂದಿಸಿ ತರುವ ಹೊಣೆ ಕಾಕಾನದು.

ನಾನು ಆಗ ಅದೇ ಊರಿನ ಶಾಲೆಯೊಂದರಲ್ಲಿ ಟೀಚರ್, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ನಮ್ಮ ಮನೆ ಕಾಕಾನ ಮನೆಯ ಹಿಂದಿನ ಓಣಿಯಲ್ಲಿ. ಬ್ಯಾನರ್ ಬರೆದು ಮುಗಿದ ಮೇಲೆ ತಪ್ಪು ತಿದ್ದಲು ನನ್ನನ್ನು ಕರೆಸುತ್ತಿದ್ದ. ಬಣ್ಣ ಒಣಗಿದ ಮೇಲೆ ತಿದ್ದುವುದಾದರೂ ಏನನ್ನು? 'ಉದ್ಘಾಟನೆ' ಎಂಬ ಒಂದೇ ಶಬ್ದವನ್ನು ಅವನು ಐದು ರೀತಿ ಬರೆಯಬಲ್ಲವನಾಗಿದ್ದ. "ಕಾಕಾ, ದಕಾರಕ್ಕ ಘ ಒತ್ತು ಬರಬೇಕು" ಎಂದರೆ, "ಒತ್ತು ನೋಡಿ ಯಾರೂ ಬರೂದಿಲ್ಲವ್ವಾ ಅಕ್ಕೋರ. ಒತ್ತಿ ಒತ್ತಿ ಕರದ್ರ ಬರ್ತಾರ!" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ.

ಕರೆಯುವ ಈ ಶಾಸ್ತ್ರದಲ್ಲಿ ಅವನಿಗೆ ಜ್ಞಾನೋದಯವಾದದ್ದು ಗಳಗನಾಥದಲ್ಲಿ. ಬೀಜದ ಅಂಗಡಿಯೊಂದರ ರೈತರ ಸಭೆಗೆಂದು ಅಲ್ಲಿಯ ಗುಡಿಯ ದಾರಿಗೆ ಅಡ್ಡಲಾಗಿ ಬ್ಯಾನರ್ ಕಟ್ಟಿದ. ಅಂಗಡಿಯವರು ಹೇಳಿದಂತೆ ನಡುವೆ ಕೆಂಪು ಅಕ್ಷರದಲ್ಲಿ 'ಬನ್ನಿ' ಎಂದು ದೊಡ್ಡದಾಗಿ ಬರೆದಿದ್ದ. ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ ಕನ್ನಡಕ ಏರಿಸಿ ಅದನ್ನು ಓದಿ ಕೇಳಿದನಂತೆ: "ದಸರಾ ಇನ್ನಾ ಆರ ತಿಂಗಳೈತಿ. ಈಗ್ಯಾಕೋ ತಮ್ಮಾ ಬನ್ನಿ?" ನಮ್ಮ ಕಡೆ ಬನ್ನಿ ಎಂದರೆ ದಸರೆಯಲ್ಲಿ ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ಎಲೆ ತಾನೆ!

ಅಂದಿನಿಂದ ಕಾಕಾನ ಸಿದ್ಧಾಂತ ಗಟ್ಟಿಯಾಯಿತು. "ಬನ್ನಿ ಅಂದ್ರ ಗಿಡ. ಮನಷ್ಯಾಗ ಬರ್ರಿ ಅನ್ನಬೇಕು. ಬನ್ನಿ ಅರಿವಿ ಮ್ಯಾಲಿನ ಮಾತು, ಬರ್ರಿ ಬಾಯಾಗಿನ ಮಾತು." ಅರಿವಿ ಎಂದರೆ ಬಟ್ಟೆ, ಅವನ ಬ್ಯಾನರಿನ ಬಟ್ಟೆ. ಬ್ಯಾನರ್ ಬರೆಸುವವರು ಮಾತ್ರ ಹಟ ಹಿಡಿದು 'ಬನ್ನಿ' ಎಂದೇ ಬರೆಸುತ್ತಿದ್ದರು. ಕಾಕಾ ಬರೆಯುತ್ತಿದ್ದ; ಆಮೇಲೆ ಮೊಪೆಡ್ ಏರಿ ಮನೆ ಮನೆಗೆ ಹೋಗಿ 'ಬರ್ರಿ' ಎಂದು ಬರುತ್ತಿದ್ದ. ಅದೂ ಒಂದು ಸಲವಲ್ಲ. "ಒಮ್ಮೆ ಕರದ್ರ ರಿವಾಜು. ಎರಡ ಸಲ ಕರದ್ರ ಆಸೆ. ಮೂರ ಸಲ ಕರದ ಮ್ಯಾಲೆ ಬರದಿದ್ದವ ಮನಷ್ಯಾನ ಅಲ್ಲ!" ಮೂರು ಸಲ ಕರೆಸಿಕೊಂಡು ಮನುಷ್ಯತ್ವ ಉಳಿಸಿಕೊಳ್ಳಲೆಂದು ಬರುತ್ತಿದ್ದವರೇ ಹೆಚ್ಚು ಎಂದು ನನ್ನ ಅನುಮಾನ.

ರಾಣೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ಷೋರೂಮ್ ತೆರೆದಾಗ ಈ ಸಿದ್ಧಾಂತ ಸ್ವಲ್ಪ ಅತಿಯಾಯಿತು. ಕರಪತ್ರ ಕೊಟ್ಟರೆ ಮಂದಿ ಅದರಲ್ಲಿ ಚುರಮುರಿ ಕಟ್ಟಿಕೊಳ್ಳುತ್ತಾರೆ, ಲಗ್ನಪತ್ರಿಕೆ ಕೊಟ್ಟರೆ ದೇವರ ಜಗಲಿಯ ಮೇಲೆ ಇಡುತ್ತಾರೆ ಎಂಬುದು ಕಾಕಾ ಕಂಡುಕೊಂಡ ಸತ್ಯ. ಹಾಗಾಗಿ ಉದ್ಘಾಟನೆಯ ಕರೆಯೋಲೆಯನ್ನು ಲಗ್ನಪತ್ರಿಕೆಯ ಮಾದರಿಯಲ್ಲೇ ಅಚ್ಚು ಹಾಕಿಸಿದ! ಮೇಲೆ ಗಣಪತಿ, ನಾಲ್ಕು ಮೂಲೆಗೆ ಅರಿಸಿನ, 'ತಾವು ಸಹಕುಟುಂಬ ಬಂದು ಆಶೀರ್ವದಿಸಬೇಕಾಗಿ ವಿನಂತಿ.' ಕೊಡುವಾಗ ಹಣೆಗೆ ಕುಂಕುಮ, ಕೈಗೆ ಅಕ್ಷತೆ. ಅವಸರದಲ್ಲಿ ಯಾರು ತಾನೆ ಒಳಗೆ ಬಿಚ್ಚಿ ಓದುತ್ತಾರೆ? ಮುಹೂರ್ತದ ಹೊತ್ತು ನೋಡಿಕೊಂಡು ಜನ ಬಂದರು. ರೇಷ್ಮೆ ಸೀರೆಯವರು, ಹೊಸ ಧೋತರದವರು, ಬಂಡಿಗಟ್ಟಲೆ ಬಂದರು. ಎಲ್ಲರ ಕೈಯಲ್ಲೂ ಆಯಾರ, ಅಂದರೆ ಮದುವೆಯ ಉಡುಗೊರೆ! ಖಣ, ಟವೆಲ್ಲು, ಸ್ಟೀಲಿನ ಡಬ್ಬಿ, ಒಬ್ಬರ ಬಗಲಲ್ಲಿ ಗೋಡೆ ಗಡಿಯಾರ.

"ವರ ಎಲ್ಲದಾನ್ರಿ?" ಎಂದು ಒಬ್ಬ ಹಿರಿಯರು ಕೇಳಿದರು.

ಕಾಕಾ ಎದೆಗುಂದಲಿಲ್ಲ. ಮಾಲೆ ಹಾಕಿ ನಿಲ್ಲಿಸಿದ್ದ ಕೆಂಪು ಟ್ರ್ಯಾಕ್ಟರ್ ತೋರಿಸಿ, "ಇದ ನೋಡ್ರಿ ವರ. ಕುಡಿಯೂದು ಡೀಸೆಲ್ ಒಂದ, ಬ್ಯಾರೆ ಚಟ ಇಲ್ಲ" ಎಂದ. ಹಿರಿಯರು ಟ್ರ್ಯಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಲೆದೂಗಿ, ತಂದ ಟವೆಲ್ಲನ್ನು ಅದರ ಸ್ಟೇರಿಂಗಿಗೆ ಹೊದಿಸಿ, ಊಟಕ್ಕೆ ಎಲ್ಲಿ ಕೂಡಬೇಕೆಂದು ವಿಚಾರಿಸಿದರು.

ಆ ದಿನದ್ದೇ ಇನ್ನೊಂದು ಸಣ್ಣ ಸಂಗತಿ. ಬೆಳಿಗ್ಗೆ ಕಾಕಾ ಹೊರಡುವಾಗ ನಮ್ಮ ಕಾಕು, ಅಂದರೆ ಅವನ ಹೆಂಡತಿ, ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. "ಯಾರ ಮನಿ ಮದವಿಗೆ ಹೊಂಟೀ?" ಎಂದು ಕೇಳಿದ ಕಾಕಾ ಉತ್ತರಕ್ಕೂ ಕಾಯದೆ ಮೊಪೆಡ್ ತುಳಿದ. ಸಂಜೆ ನಾನು, "ಕಾಕೂನ್ನ ಯಾಕ ಕರಕೊಂಡು ಹೋಗ್ಲಿಲ್ಲ?" ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೊರಗಿನವ್ರನ್ನ ಕರೀತಾರ. ಮನ್ಯಾನವ್ರಿಗೇನು ಕರ್ಯೂದು?" ಎಂದ. ಕಾಕು ಅವನು ಮೂಲೆಗೆ ಎಸೆದ ಬ್ಯಾನರನ್ನು ಎತ್ತಿಕೊಂಡು ಒಗೆಯಲು ಹೋದಳು. ಪ್ರತಿ ಕಾರ್ಯಕ್ರಮದ ಬ್ಯಾನರೂ ಹೀಗೆ ಅವಳ ಪಾಲಿಗೇ ಬರುತ್ತಿತ್ತು. ಒಲೆ ಒರೆಸಲು ಆಗುತ್ತದೆ ಎನ್ನುತ್ತಿದ್ದಳು.

ಮೋಟೆಬೆನ್ನೂರಿನ ಕತೆ ಇನ್ನೂ ಸ್ವಾರಸ್ಯ. ಹನಿ ನೀರಾವರಿಯ ಪೈಪು ಮಾರುವವರು ಅಲ್ಲೊಂದು ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದರು. ಕಾಕಾ ಹಿಂದಿನ ದಿನ ಊರಿಗೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ಮನೆ ಮನೆ ಹೊಕ್ಕ. ಒಬ್ಬರ ಮೊಣಕಾಲು ನೋವು ವಿಚಾರಿಸಿದ. ಇನ್ನೊಬ್ಬರ ಎಮ್ಮೆಗೆ ಔಷಧಿ ಹೇಳಿದ. ಮತ್ತೊಬ್ಬರ ಮಗಳಿಗೆ ಗಂಡು ತೋರಿಸಿದ. ಹತ್ತೊಂಬತ್ತು ಲೋಟ ಚಹಾ ಕುಡಿದು ಹಾವೇರಿಗೆ ಮರಳಿ, ಚಪ್ಪಲಿ ಬಿಡುವಾಗ ಹಣೆ ಹಣೆ ಬಡಿದುಕೊಂಡ. ಪೈಪಿನ ವಿಷಯವನ್ನು ಒಂದು ಮನೆಯಲ್ಲೂ ಹೇಳಿರಲಿಲ್ಲ!

ಮರುದಿನ ಹೆದರುತ್ತಲೇ ಹೋದ. ನೋಡಿದರೆ ಪ್ರಾತ್ಯಕ್ಷಿಕೆಯ ಹೊಲದ ತುಂಬ ಜನ. ಇಡೀ ಊರು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿತ್ತಂತೆ. "ಅಂವಾ ಸುಮ್ಮನ ಬರೂ ಮನಷ್ಯಾ ಅಲ್ಲ. ಏನೋ ಹೇಳಾಕ ಬಂದಿದ್ದ, ಹೇಳ್ಲಿಲ್ಲ. ಹೊಲದಾಗ ಪೆಂಡಾಲ ಹಾಕ್ಯಾರ, ಅಲ್ಲೇ ಹೋಗಿ ಕೇಳೂಣು ನಡೀರಿ" ಎಂದು ಒಬ್ಬರನ್ನೊಬ್ಬರು ಎಬ್ಬಿಸಿಕೊಂಡು ಬಂದಿದ್ದರು. ಪೈಪಿನವರು ಕಾಕಾನ ಬೆನ್ನು ತಟ್ಟಿದರು. ಕಾಕಾ ಮೀಸೆ ತಿರುವಿ, "ಎಲ್ಲಾ ಹೇಳಿಬಿಟ್ರ ಯಾರು ಬರ್ತಾರ್ರಿ? ಇದ ನೋಡ್ರಿ ಟೆಕ್ನಿಕ್ಕು" ಎಂದ.

ಈ ಟೆಕ್ನಿಕ್ಕು ಕೈಕೊಟ್ಟದ್ದು ಬ್ಯಾಡಗಿಯಲ್ಲಿ ಮಾತ್ರ. ಅಲ್ಲೊಂದು ಬಟ್ಟೆ ಅಂಗಡಿಯ ಉದ್ಘಾಟನೆ. ಆಟೋಕ್ಕೆ ಮೈಕು ಕಟ್ಟಿ ಕ್ಯಾಸೆಟ್ ಹಾಕಿ ತಿರುಗಿಸುವುದೆಂದು ಮಾತಾಯಿತು. ಕಾಕಾ ಮೆಣಸಿನಕಾಯಿ ಮಾರುಕಟ್ಟೆಯ ಪಕ್ಕದಲ್ಲೇ ಟೇಪ್ ರೆಕಾರ್ಡರ್ ಇಟ್ಟುಕೊಂಡು ದನಿ ಎತ್ತಿದ: "ಬ್ಯಾಡಗಿಯ ಸಮಸ್ತ ಅಕ್ಕ ತಂಗ್ಯಾರ, ಅಣ್ಣ ತಮ್ಮಂದಿರ, ಇವತ್ತ ಬರ್ರಿ, ಮನಿ ಮಂದಿ ಎಲ್ಲಾ ಬರ್ರಿ... ಆಕ್ಷೀ!" ಮೆಣಸಿನಕಾಯಿ ಘಾಟು ಬಿಡುತ್ತದೆಯೇ? ಅದನ್ನು ಅಳಿಸದೆ ಆಟೋದವನ ಕೈಗೆ ಕೊಟ್ಟ.

ಬ್ಯಾಡಗಿಯವರಿಗೆ ಸೀನು ಹೊಸದಲ್ಲ ಎನ್ನುತ್ತೀರಾ? ಒಪ್ಪಿದೆ. ಆದರೆ ಅಲ್ಲಿಯ ಸೀನು ಯಾವಾಗಲೂ ಸಾಲು ಸಾಲಾಗಿ ಬರುತ್ತದೆ, ಅದಕ್ಕೆ ಶಕುನದ ಲೆಕ್ಕವಿಲ್ಲ. ಇದು ಒಂಟಿ ಸೀನು! ಹೊಸಿಲು ದಾಟುವಾಗ ಒಂಟಿ ಸೀನು ಕೇಳಿದರೆ ಒಳಗೆ ಹೋಗಿ ನೀರು ಕುಡಿದು ಕೂಡಬೇಕು. ಆಟೋ 'ಬರ್ರಿ' ಎಂದಾಗ ಹೆಂಗಸರು ಎದ್ದು ಹೊಸಿಲಿಗೆ ಬರುತ್ತಿದ್ದರು, ಕೂಡಲೇ 'ಆಕ್ಷೀ'! ತಿರುಗಿ ಒಳಗೆ. ಆಟೋ ಇನ್ನೊಂದು ಸುತ್ತು ಬಂತು. ಮತ್ತೆ 'ಬರ್ರಿ', ಮತ್ತೆ 'ಆಕ್ಷೀ'. ಮಧ್ಯಾಹ್ನದವರೆಗೆ ಊರಿನ ಹೆಂಗಸರೆಲ್ಲ ನೀರು ಕುಡಿದೇ ಸುಸ್ತಾದರು. ಅಂಗಡಿಯಲ್ಲಿ ನರಪಿಳ್ಳೆ ಇಲ್ಲ.

ಸಂಗತಿ ತಿಳಿದ ಕಾಕಾ ಜೋಡಿ ಸೀನಿನ ಹೊಸ ಕ್ಯಾಸೆಟ್ ಮಾಡಲು ಕೂತ. ಬೇಕೆಂದಾಗ ಸೀನು ಬಂದೀತೇ? ನಶ್ಯ ಏರಿಸಿದ, ಮೆಣಸಿನಕಾಯಿ ಮೂಸಿದ. ಬಂದದ್ದು ಎರಡಲ್ಲ, ಹನ್ನೊಂದು! ಅದೂ ಬೆಸ ಸಂಖ್ಯೆ. ಸರಿಸಂಖ್ಯೆ ಮಾಡಲು ಹನ್ನೆರಡನೆಯದನ್ನು ಬಾಯಿಂದಲೇ ಸೀನಿದ. ಅದನ್ನು ಕೇಳಿದ ಅಂಗಡಿ ಮಾಲೀಕರು ಕೈ ಮುಗಿದು, "ನಾವು ಅರಿವಿ ಮಾರಾಕತ್ತೇವೋ, ನೆಗಡಿ ಗುಳಿಗಿ ಮಾರಾಕತ್ತೇವೋ ಮಾರಾಯಾ?" ಎಂದರಂತೆ.

ಇಂಥ ಕಾಕಾನ ಮನೆಯಲ್ಲೇ ಒಂದು ಕಾರ್ಯಕ್ರಮ ಬಂತು. ಕಾಕು ಮೊದಲಿನಿಂದಲೂ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಅಂಗಿ, ಲಂಗಗಳ ತುಂಡು ಜೋಡಿಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ ಮಾಡುವ ಹೊದಿಕೆ. ಓಣಿಯ ಇನ್ನೂ ಐದು ಹೆಂಗಸರನ್ನು ಸೇರಿಸಿಕೊಂಡು, ಭವನವೊಂದನ್ನು ಒಂದು ದಿನದ ಮಟ್ಟಿಗೆ ಹಿಡಿದು, ಕೌದಿಗಳ ಪ್ರದರ್ಶನ ಮತ್ತು ಮಾರಾಟ ಇಡುವುದೆಂದು ಅವಳು ಹೇಳಿದಾಗ ಓಣಿ ನಕ್ಕಿತು. "ಹಳೇ ಅರಿವಿ ನೋಡಾಕ ಯಾರು ಬರ್ತಾರವಾ?" ಎಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಾಕಾ. "ಕೌದಿ ಹೊದ್ಕೊಳ್ಳೂದು, ನೋಡೂದಲ್ಲ!"

"ನೀವೇನೂ ಕರೀಬ್ಯಾಡ್ರಿ" ಎಂದಳು ಕಾಕು. ನನ್ನೆದುರು ಮಾತ್ರ ಬಾಯಿಬಿಟ್ಟಳು. "ಒಂದ ದಿನ ನಾಕು ಮಂದಿ ಬಂದು ನಾ ಮಾಡಿದ್ದು ನೋಡ್ಲಿ, ಇಷ್ಟ ಸಾಕು ನನಗ. ಯಾರೂ ಬರ್ಲಿಲ್ಲಂದ್ರ ಇನ್ನ ಸೂಜಿ ಮುಟ್ಟೂದಿಲ್ಲ." ಕಾಕು ಹಟ ಮಾಡುವವಳಲ್ಲ, ಆಡಿದ ಮಾತು ತಪ್ಪುವವಳೂ ಅಲ್ಲ. ನನಗೆ ನಿಜವಾಗಿ ಭಯವಾಯಿತು. ಈ ಮಾತನ್ನು ನಾನು ಕಾಕಾನ ಕಿವಿಗೆ ಹಾಕಿದೆ. ಅವನ ನಗು ಅಲ್ಲಿಗೆ ನಿಂತಿತು.

ಆದರೆ ವಿಧಿಯಾಟ ನೋಡಿ! ಅದೇ ವಾರ ರಾಣೆಬೆನ್ನೂರಿನಲ್ಲಿ ಯಾರದೋ ಅಂಗಡಿಗಾಗಿ ಬಿಸಿಲಿನಲ್ಲಿ ಮೂರು ದಿನ ಕೂಗಿ ಕಾಕಾನ ದನಿ ಬಿದ್ದುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಎಂಟು ದಿನ ಒಂದಕ್ಷರ ಆಡಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಊರಿಗೆಲ್ಲ 'ಬರ್ರಿ' ಎಂದವನಿಗೆ ಸ್ವಂತ ಮನೆಯ ಕಾರ್ಯಕ್ಕೆ 'ಬ' ಅನ್ನಲೂ ಬಾರದು.

ಪ್ರದರ್ಶನದ ದಿನ ನಾನು ಶಾಲೆಗೆ ರಜೆ ಹಾಕಿ ಹೋದೆ. ಗೋಡೆಯುದ್ದಕ್ಕೂ ಹಗ್ಗ ಕಟ್ಟಿ ಕೌದಿ ತೂಗುಹಾಕಿದ್ದರು. ಚೆಂದ ಕಾಣುತ್ತಿದ್ದವು. ನೋಡುವವರು ಮಾತ್ರ ನಾವು ಏಳು ಜನ, ಒಂದು ನಾಯಿ. ಹತ್ತಾಯಿತು, ಹನ್ನೊಂದಾಯಿತು. ಕಾಕು ಬಾಗಿಲ ಹೊರಗೆ ಪಾನಕದ ಕೊಡದ ಹತ್ತಿರ ಕೂತು, ರಸ್ತೆಯನ್ನೇ ನೋಡುತ್ತಿದ್ದಳು. ಕಾಕಾ ಅವಳನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿ, ಮೊಪೆಡ್ ಹತ್ತಿ ಮಾಯವಾದ.

ಆಮೇಲೆ ನಡೆದದ್ದನ್ನು ಕಂಡವರು ಹೇಳಿದ್ದು ಇದು. ಕಾಕಾ ಮನೆಗೆ ಹೋಗಿ, ಕಾಕುವಿನ ಟ್ರಂಕಿನ ತಳದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೌದಿ ಎಳೆದು, ತಲೆಯಿಂದ ಕಾಲಿನವರೆಗೆ ಹೊದ್ದು, ಬೇಸಿಗೆಯ ಸುಡುಬಿಸಿಲಲ್ಲಿ ಹಾವೇರಿಯ ಓಣಿ ಓಣಿ ಸುತ್ತಿದ! ಕೌದಿಯ ಜಾಹೀರಾತು ಮಾಡುತ್ತಿದ್ದೇನೆಂದು ಅವನ ಎಣಿಕೆ. ಜನ ಅಡ್ಡಹಾಕಿ, "ಯಾಕೋ ಮಾರಾಯಾ, ಚಳಿಜ್ವರ ಬಂದಾವೇನು?" ಎಂದು ಕೇಳಿದರೆ ಬಾಯಿ ತೆರೆಯುತ್ತಿದ್ದ, ದನಿ ಬರುತ್ತಿರಲಿಲ್ಲ. ಭವನದ ಕಡೆ ಕೈ ತೋರಿಸಿ ಮುಂದೆ ಹೋಗುತ್ತಿದ್ದ.

ಸುದ್ದಿಗೆ ಕಾಲು ಬಂತು. ಬಸ್‌ಸ್ಟ್ಯಾಂಡಿನಲ್ಲಿ ಅದು ಮಲೇರಿಯಾ ಆಗಿತ್ತು. ಕಾಯಿಪಲ್ಯೆ ಸಂತೆಗೆ ಬರುವಷ್ಟರಲ್ಲಿ ಚಿಕೂನ್‌ಗುನ್ಯಾ ಆಯಿತು. ಮುಂದಿನ ಓಣಿಯಲ್ಲಿ, "ಲಕ್ವಾ ಹೊಡದೈತಂತ, ಮಾತ ಹೋಗೈತಿ, ಭವನದಾಗ ಇಟ್ಟಾರಂತ!" ಎಂದಾಯಿತು. 'ಇಟ್ಟಾರಂತ' ಎಂದರೆ ಏನರ್ಥ ಬರುತ್ತದೆ ನೀವೇ ಹೇಳಿ!

ಹನ್ನೆರಡು ಗಂಟೆಗೆ ಮೊದಲನೆಯ ಆಟೋ ಬಂದು ನಿಂತಿತು. ಮೋಸಂಬಿ ಹಿಡಿದು ಇಬ್ಬರು ಇಳಿದರು. ಹಿಂದೆಯೇ ಬ್ರೆಡ್ಡು, ಎಳನೀರು, ಗ್ಲುಕೋಸಿನ ಪೊಟ್ಟಣ. ಮೋಟೆಬೆನ್ನೂರಿನಿಂದ ಒಂದು ಟೆಂಪೋ. ಬ್ಯಾಡಗಿಯಿಂದ ಆ ಬಟ್ಟೆ ಅಂಗಡಿಯ ಮಾಲೀಕರು, ಪಾಪ, ಕೈಯಲ್ಲಿ ದೊಡ್ಡದೊಂದು ಹೂವಿನ ಹಾರ ಹಿಡಿದು, ಮುಖ ಬಾಡಿಸಿಕೊಂಡು ಬಂದರು. ಒಳಗೆ ಕಾಲಿಟ್ಟರೆ, ಆಗಲೇ ಊರು ಸುತ್ತಿ ಮರಳಿದ್ದ ಕಾಕಾ ಕೌದಿ ಹೊದ್ದು, ಬೆವರು ಸುರಿಸುತ್ತ, ಕುರ್ಚಿಯಿಂದ ಎದ್ದು ಬಂದು ಕೈ ಮುಗಿದ! ಹೆಣವೂ ಎದ್ದು ಬರುತ್ತದೆ ಎಂಬ ಮಾತು ಅಕ್ಷರಶಃ ನಿಜವಾದದ್ದು ಅಂದೇ. ಮಾಲೀಕರು ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಬಾಗಿಲ ಮೇಲಿನ ಗಣಪತಿಗೆ ಹಾಕಿ ಬಚಾವಾದರು.

ಬಂದವರು ಬಂದ ತಪ್ಪಿಗೆ ಒಂದು ಸುತ್ತು ಹಾಕಿದರು. ಹಾಕಿದವರು ನಿಂತರು. "ಇದರಾಗ ನಮ್ಮವ್ವನ ಸೀರಿ ಇದ್ದಂಗ ಐತಲ್ರೀ" ಎಂದು ಒಬ್ಬಳು ಒಂದು ಕೌದಿಯನ್ನು ಕೆನ್ನೆಗೆ ಒತ್ತಿಕೊಂಡಳು. ಮನೆಯಲ್ಲಿದ್ದ ಹಳೆಯ ಸೀರೆ ತಂದುಕೊಟ್ಟರೆ ಹೊಲಿದು ಕೊಡುತ್ತೀರಾ ಎಂದು ಜನ ಕೇಳತೊಡಗಿದರು. ಎರಡು ಗಂಟೆಗೆ ಹಗ್ಗ ಅರ್ಧ ಖಾಲಿ. ಕಾಕು ಮಾತ್ರ ಬಾಗಿಲ ಹೊರಗೇ ಇದ್ದಳು. ಬಂದವರಿಗೆಲ್ಲ ಪಾನಕ ಕೊಡುವುದರಲ್ಲಿ ಅವಳಿಗೆ ಒಳಗೆ ಬಂದು ಇದನ್ನೆಲ್ಲ ನೋಡಲೂ ಬಿಡುವಿರಲಿಲ್ಲ.

ಮೋಟೆಬೆನ್ನೂರಿನ ಅಜ್ಜಿಯೊಬ್ಬಳು ಕಾಕಾನ ಮೈಮೇಲಿನ ಕೌದಿಗೆ ಕೈ ಹಾಕಿದಳು. "ತಗಿಯಪಾ ಇದನ್ನ. ಕೌದಿ ಮುಂದಿಂದ ನೋಡಬಾರ್ದು, ಹಿಂದಿಂದ ನೋಡಬೇಕು. ಹೊಲಿಗಿ ಖರೇ ಬಣ್ಣ ಅಲ್ಲಿ ಇರ್ತೈತಿ" ಎಂದು ಎಳೆದೇಬಿಟ್ಟಳು.

"ಅದು ಮಾರೂದಲ್ಲರೀ!" ಎಂದು ಕಾಕು ಹೊರಗಿನಿಂದ ಕೂಗಿದಳು. ಅಷ್ಟರಲ್ಲಿ ಅಜ್ಜಿ ಅದನ್ನು ಮಗುಚಿ ಮೇಜಿನ ಮೇಲೆ ಹಾಸಿಯಾಗಿತ್ತು.

ಹಿಂಬದಿಯ ತುಂಬ ಅಕ್ಷರ. ಕೆಂಪು, ನೀಲಿ, ಹಸಿರು ಬಣ್ಣದ ಅಕ್ಷರ, ಒಗೆದೊಗೆದು ಮಾಸಿದ್ದವು. ಆ ಕೈಬರಹ ನನಗೆ ಗೊತ್ತಿಲ್ಲದ್ದೇ? ಇಷ್ಟು ವರ್ಷ ಕಾಕಾ ಬರೆದ ಬ್ಯಾನರುಗಳು. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ, ತಪ್ಪು ಉದ್ಘಾಟನೆಗಳೂ ಇಲ್ಲ. ಪ್ರತಿಯೊಂದು ಬ್ಯಾನರಿನಿಂದ ಕಾಕು ಒಂದೇ ಒಂದು ಶಬ್ದವನ್ನು ಕತ್ತರಿಸಿ ಇಟ್ಟುಕೊಂಡು ಜೋಡಿಸಿದ್ದಳು. ಬನ್ನಿ. ಬನ್ನಿ. ಬನ್ನಿ. ಬೆಳಗಿನಿಂದ ಕಾಕಾ ಊರಿಗೆಲ್ಲ ಮುಂಬದಿ ತೋರಿಸುತ್ತ ತಿರುಗಿದ್ದ. ಆ ಬನ್ನಿಗಳೆಲ್ಲ ಅವನ ಬೆನ್ನಿಗೆ ಅಂಟಿಕೊಂಡೇ ಇದ್ದವು, ಅವನಿಗೆ ಗೊತ್ತಿರಲಿಲ್ಲ.

ಅಜ್ಜಿಗೆ ಓದು ಬಾರದು. "ಏನ ಬರದೈತಿ ಇದರಾಗ?" ಎಂದಳು.

"ಬನ್ನಿ ಅಂತ ಬರದೈತಿ, ಅಮ್ಮಾ. ಬರ್ರಿ ಅಂತ ಅದರ ಅರ್ಥ" ಎಂದೆ ನಾನು.

"ಯಾರಿಗೆ?"

ಹೊಸಿಲಿನ ಆಚೆ ನಿಂತಿದ್ದ ಕಾಕು, ಕೈಯಲ್ಲಿನ ಪಾನಕದ ಸೌಟು ನೋಡುತ್ತ ಸಣ್ಣ ದನಿಯಲ್ಲಿ, "ನನಗ" ಎಂದಳು. "ಊರ ಮಂದಿನ್ನೆಲ್ಲಾ ಕರದ್ರು. ಮನ್ಯಾಕಿಗೆ ಏನು ಕರ್ಯೂದು ಅಂದ್ರು. ಅದಕ್ಕ ನನ್ನ ಪಾಲಿಂದು ನಾನ ಕತ್ತರಿಸಿ ಇಟಕೊಂಡೆ."

ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತ ಕಾಕು ನನ್ನ ಕಣ್ಣ ಮುಂದೆ ಬಂದಳು. ಕಾಕಾ ಆ ಕೌದಿಯ ಮೇಲೆ ಒಮ್ಮೆ ಕೈಯಾಡಿಸಿದ. ಮೇಜಿನ ಮೇಲಿದ್ದ ಕುಂಕುಮದ ಬಟ್ಟಲು ಎತ್ತಿಕೊಂಡು ಬಾಗಿಲಿಗೆ ಹೋದ. ಹೊಸಿಲಿನ ಈಚೆ ನಿಂತು, ಡಾಕ್ಟರ ಕಟ್ಟಪ್ಪಣೆ ಮುರಿದು, ಕಿರುಗುಡುವ ಗಂಟಲಿನಿಂದ ಒಂದು ಶಬ್ದ ಹೊರಡಿಸಿದ.

"ಬರ್ರಿ."

ಒಂದು ದಿನವೂ ಹೆಂಡತಿಗೆ 'ರಿ' ಹಚ್ಚಿ ಮಾತಾಡಿದವನಲ್ಲ. ಕಾಕು ತಲೆ ಎತ್ತಿದಳು. "ಏನಂದ್ರಿ? ಕೇಳಸಲಿಲ್ಲ."

"ಬರ್ರಿ" ಎಂದ ಕಾಕಾ. ಕೆಮ್ಮು ಬಂತು. ಕಣ್ಣಲ್ಲಿ ನೀರೂ ಬಂತು. ಅದು ಕೆಮ್ಮಿನದೆಂದು ಆಮೇಲೆ ವಾದಿಸಿದ, ನಾವು ಒಪ್ಪಲಿಲ್ಲ.

"ಇನ್ನೊಮ್ಮೆ ಅನ್ರಿ."

"ಬರ್ರಿ."

ಅವಳಿಗೆ ಮೊದಲನೆಯದೇ ಕೇಳಿಸಿತ್ತು. ಹಿಂದಿನ ಗೋಡೆಗೆ ಒರಗಿ ನಿಂತ ನನಗೇ ಕೇಳಿಸಿದ್ದು ಅವಳಿಗೆ ಕೇಳಿಸದೇ? ಆದರೆ ಮೂರು ಸಲ ಕರೆದ ಮೇಲೆ ಬರಲೇಬೇಕಲ್ಲ. ಕಾಕು ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಕುಂಕುಮಕ್ಕೆ ಹಣೆ ಮುಂದೆ ಮಾಡಿ, ಒಳಗೆ ಬಂದಳು.